ಉಪಮೆಯೋ ಪ್ರಮಾಣವೋ: ಆಟಿಸಂ ಆತ್ಮಕಥನಗಳಲ್ಲಿ ಇಂದ್ರಿಯಾನುಭವದ ನಿರೂಪಣೆ

ಇಂದ್ರಿಯಾನುಭವವನ್ನು ಹೇಳುವಾಗ ಕನ್ನಡ ನುಡಿ ಬಹುಮಟ್ಟಿಗೆ ಪೆಟ್ಟಿನ ಕ್ರಿಯಾಪದಗಳನ್ನೇ ಹಿಡಿಯುತ್ತದೆ. ಬೆಳಕು ಕಣ್ಣನ್ನು ಕುಕ್ಕುತ್ತದೆ; ವಾಸನೆ ಮೂಗಿಗೆ ಬಡಿಯುತ್ತದೆ; ಚಳಿ ಕೊರೆಯುತ್ತದೆ; ಒರಟು ಬಟ್ಟೆ ಚುಚ್ಚುತ್ತದೆ; ಕೇಳಬಾರದ ಮಾತನ್ನು ಕೇಳಿದವನ ಕಿವಿಗೆ ಕಾದ ಸೀಸವನ್ನು ಹೊಯ್ದಂತಾಗುತ್ತದೆ. ಹೀಗೆ ಹೇಳುವವನಾಗಲಿ ಕೇಳುವವನಾಗಲಿ ಅಲ್ಲಿ ನಿಜವಾಗಿ ಗಾಯವಾಯಿತೆಂದು ಎಣಿಸುವುದಿಲ್ಲ. ಒಂದು ಕಾಲಕ್ಕೆ ಲಾಕ್ಷಣಿಕವಾಗಿದ್ದು, ಬಳಸಿ ಬಳಸಿ ಸವೆದು, ನಮ್ಮ ಆಲಂಕಾರಿಕರು ನಿರೂಢಲಕ್ಷಣೆಯೆಂದು ಕರೆಯುವ ಸ್ಥಿತಿಗೆ ಇವು ಬಂದು ನಿಂತಿವೆ. ಆದರೆ ಇಂಥ ಮಾತುಗಳು ಇನ್ನೂ ಸವೆಯದೆ, ಮೊನಚಾಗಿಯೇ ಉಳಿದಿರುವ ಒಂದು ಬಗೆಯ ಬರವಣಿಗೆ ಈಚಿನ ನಾಲ್ಕು ದಶಕಗಳಲ್ಲಿ ಬೆಳೆದುಬಂದಿದೆ. ಆಟಿಸಂ ಉಳ್ಳವರು ತಮ್ಮ ಬಾಳನ್ನು ತಾವೇ ಹೇಳಿಕೊಂಡಿರುವ ಆತ್ಮಕಥನಗಳು ಅವು. ಅವುಗಳಲ್ಲಿ ಕಿಕ್ಕಿರಿದಿರುವ ಉಪಮೆಗಳನ್ನು ಏನೆಂದು ಗ್ರಹಿಸಬೇಕು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಇಲ್ಲಿ ವಿಚಾರಿಸಲು ಯತ್ನಿಸಿದೆ. ಪ್ರಶ್ನೆ ಅಲಂಕಾರಶಾಸ್ತ್ರದ್ದಾಗಿ ತೋರಬಹುದು. ಆದರೆ ಅದಕ್ಕೆ ನಾವು ಕೊಟ್ಟುಕೊಳ್ಳುವ ಉತ್ತರದ ಮೇಲೆ, ಶಾಲೆಯ ಬೆಂಚಿನ ಮೇಲೆ ಕಿವಿ ಮುಚ್ಚಿಕೊಂಡು ಕುಳಿತಿರುವ ಮಗುವನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆಂಬುದು ನಿಂತಿದೆ.

ವಿಷಯದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ಆಟಿಸಂ ಉಳ್ಳ ಅನೇಕರಲ್ಲಿ ಶಬ್ದ, ಬೆಳಕು, ಸ್ಪರ್ಶ, ರುಚಿ, ಗಂಧಗಳ ಗ್ರಹಣ ಇತರರಲ್ಲಿ ಇರುವಂತೆ ಇರುವುದಿಲ್ಲ. ಕೆಲವು ಅತಿಯಾಗಿ ತಟ್ಟುತ್ತವೆ, ಕೆಲವು ತಟ್ಟುವುದೇ ಇಲ್ಲ. ಒಬ್ಬನೇ ವ್ಯಕ್ತಿಗೆ ಸಣ್ಣ ಸದ್ದು ಅಸಹ್ಯವಾಗಿ, ದೊಡ್ಡ ಗಾಯದ ನೋವು ಗಮನಕ್ಕೇ ಬಾರದೆ ಹೋಗುವುದೂ ಉಂಟು. ವೈದ್ಯಶಾಸ್ತ್ರ ಇದನ್ನು ಕಂಡಿರಲಿಲ್ಲವೆಂದಲ್ಲ. ಕಂಡರೂ ಅದಕ್ಕೆ ಮುಖ್ಯಸ್ಥಾನವನ್ನು ಕೊಡಲಿಲ್ಲ. ಅಮೆರಿಕದ ಮನೋವೈದ್ಯ ಸಂಘದ ರೋಗನಿರ್ಣಯದ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಹೊರಬಂದಾಗ ಇಂದ್ರಿಯಗಳ ಈ ಅತಿ-ಅಲ್ಪ ಪ್ರತಿಕ್ರಿಯೆಗೆ ಆಟಿಸಮ್ಮಿನ ಲಕ್ಷಣಗಳ ಸಾಲಿನಲ್ಲಿ ಸ್ಥಾನ ದೊರೆಯಿತು. ನಾವು ಇಲ್ಲಿ ಮುಖ್ಯವಾಗಿ ಪರಿಶೀಲಿಸುವ ಆತ್ಮಕಥನಗಳಲ್ಲಿ ಮೊದಲನೆಯದು ಪ್ರಕಟವಾದದ್ದು 1986ರಲ್ಲಿ. ಅನುಭವಿಸಿದವರು ಹೇಳಿದ ಮಾತು ಲಕ್ಷಣಗ್ರಂಥವನ್ನು ಸೇರಲು ಇಪ್ಪತ್ತೇಳು ವರ್ಷ ಹಿಡಿಯಿತೆಂದು ಇದರಿಂದ ಲೆಕ್ಕ ಹಾಕಬಹುದು. ಲಕ್ಷ್ಯ ಮುಂದಾಗಿ ಲಕ್ಷಣ ಹಿಂದಾಗುವುದು ಕಾವ್ಯದಲ್ಲಿ ನಮಗೆ ಪರಿಚಿತವಾದ ಸಂಗತಿಯೇ.

ಈ ವಿಳಂಬಕ್ಕೆ ಕಾರಣವಾದ ಓದಿನ ಕ್ರಮವೊಂದಿದೆ. ಅದರ ಮೂಲವನ್ನು ಲಿಯೊ ಕ್ಯಾನರ್ ಅವರ 1943ರ ಪ್ರಸಿದ್ಧ ಪ್ರಬಂಧದಲ್ಲಿಯೇ ಕಾಣಬಹುದು. ಬಾಲ್ಟಿಮೋರಿನ ಈ ವೈದ್ಯರು ಹನ್ನೊಂದು ಮಕ್ಕಳನ್ನು ಬಹು ಎಚ್ಚರಿಕೆಯಿಂದ ಗಮನಿಸಿ, ಕಸ ಹೀರುವ ಯಂತ್ರ, ಲಿಫ್ಟು, ಹರಿಯುವ ನೀರು, ಕೀಲಿ ಕೊಟ್ಟ ಆಟಿಕೆ, ಇವುಗಳಿಗೆ ಮಕ್ಕಳು ಬೆದರುತ್ತಿದ್ದುದನ್ನು ಬರೆದಿಟ್ಟರು. ವೀಕ್ಷಣೆ ನಿರ್ದುಷ್ಟವಾದದ್ದು. ಆದರೆ ಆ ಮಕ್ಕಳು ತಾವೇ ಅಷ್ಟೇ ದೊಡ್ಡ ಸದ್ದನ್ನು ಸಂತೋಷದಿಂದ ಮಾಡುತ್ತಿದ್ದುದನ್ನು ಕಂಡು, ಭಯ ಶಬ್ದದ್ದಲ್ಲ, ತಮ್ಮ ಏಕಾಂತಕ್ಕೆ ಹೊರಗಿನದೊಂದು ನುಗ್ಗಿಬಂತೆಂಬುದರದು ಎಂದು ಅವರು ಅರ್ಥಮಾಡಿದರು. ಶಬ್ದ ಇಲ್ಲಿ ಶಬ್ದವಾಗಿ ಉಳಿಯಲಿಲ್ಲ, ಬೇರೊಂದರ ಸಂಕೇತವಾಯಿತು. ಲಕ್ಷಣೆಗೆ ಹೋಗಬೇಕಾದರೆ ಮೊದಲು ಮುಖ್ಯಾರ್ಥಕ್ಕೆ ಬಾಧೆ ಬರಬೇಕೆಂಬುದು ನಮ್ಮ ಶಾಸ್ತ್ರದ ಪ್ರಾಥಮಿಕ ನಿಯಮ. ಮಗು ಕಿವಿಯನ್ನು ಮುಚ್ಚಿಕೊಂಡರೆ ಕಿವಿ ನೋಯುತ್ತದೆ ಎಂಬ ಮುಖ್ಯಾರ್ಥಕ್ಕೆ ಯಾವ ಬಾಧೆ ಬಂದಿತ್ತು? ತಾನೇ ಮಾಡುವ ಸದ್ದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮಾಡುವವನಿಗೆ ಗೊತ್ತಿರುತ್ತದೆ. ಇತರರ ಸದ್ದು ಹಾಗಲ್ಲ. ಯಂತ್ರದ ಗುಂಡಿಯನ್ನು ಮಗುವಿನ ಕೈಗೇ ಕೊಟ್ಟರೆ ಅದೇ ಸದ್ದನ್ನು ಅದು ಸಹಿಸಬಲ್ಲದೆಂದು ಮುಂದೆ ಟೆಂಪಲ್ ಗ್ರಾಂಡಿನ್ ಅವರು ತಮ್ಮ ಅನುಭವದ ಬಲದಿಂದ ಹೇಳಿದರು. ಕ್ಯಾನರ್ ಕಂಡದ್ದು ಸತ್ಯವೇ. ಅವರು ಅಭಿಧೆಯಲ್ಲಿ ನಿಲ್ಲದೆ ಮುಂದಕ್ಕೆ ಹೋದರು, ಅಷ್ಟೆ.

ಗ್ರಾಂಡಿನ್ ಅವರ ಹೆಸರು ಬಂದುದರಿಂದ ಅವರ ಗ್ರಂಥಗಳನ್ನೇ ಮೊದಲು ನೋಡಬಹುದು. 1947ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿ, ಕೊಲೊರಾಡೊ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದ ಇವರು, ಮಾರ್ಗರೆಟ್ ಸ್ಕಾರಿಯಾನೊ ಅವರೊಡನೆ ಸೇರಿ 1986ರಲ್ಲಿ ‘ಎಮರ್ಜೆನ್ಸ್’ ಎಂಬ ಆತ್ಮಕಥೆಯನ್ನೂ, 1995ರಲ್ಲಿ ‘ಥಿಂಕಿಂಗ್ ಇನ್ ಪಿಕ್ಚರ್ಸ್’ ಎಂಬ ಗ್ರಂಥವನ್ನೂ ಪ್ರಕಟಿಸಿದರು. ಶೈಲಿಯ ದೃಷ್ಟಿಯಿಂದ ನೋಡಿದರೆ ಇವು ಒಣ ಗದ್ಯ. ವಾಕ್ಯಗಳು ಚಿಕ್ಕವು, ಒಂದು ಸಂಗತಿಯ ಹಿಂದೆ ಇನ್ನೊಂದು ಬರುತ್ತದೆ, ಅವುಗಳ ನಡುವೆ ಭಾವದ ಸೇತುವೆ ಅಪರೂಪ. ಯಂತ್ರವೊಂದರ ಕೈಪಿಡಿಯನ್ನು ಓದಿದಂತೆ ಕೆಲವೆಡೆ ಅನ್ನಿಸುತ್ತದೆ. ಇಂಥ ಗದ್ಯದಲ್ಲಿ ಇಂದ್ರಿಯಗಳ ವಿಷಯ ಬಂದೊಡನೆ ಉಪಮೆಗಳು ಒತ್ತೊತ್ತಾಗಿ ಬರತೊಡಗುವುದು ಗಮನಾರ್ಹವಾದ ಸಂಗತಿ. ಶಾಲೆಯ ಗಂಟೆ ಹಲ್ಲಿನ ವೈದ್ಯನ ಕೊರೆಯುವ ಯಂತ್ರ ನರಕ್ಕೆ ತಗುಲಿದಂತೆ. ಒರಟಾದ ಒಳಲಂಗ ತೆರೆದ ನರಗಳ ಮೇಲೆ ಮರಳುಕಾಗದವನ್ನು ಉಜ್ಜಿದಂತೆ. ತಮ್ಮ ಶ್ರವಣವೇ ಧ್ವನಿಯ ಗುಂಡಿ ಅತ್ಯುಚ್ಚದಲ್ಲಿ ಸಿಕ್ಕಿಕೊಂಡ ಶ್ರವಣೋಪಕರಣದಂತೆ. ಬೇರೆಲ್ಲೂ ಅಲಂಕಾರದ ಹಂಗಿಲ್ಲದ ಲೇಖಕಿ ಇಲ್ಲಿ ಮಾತ್ರ ಅಲಂಕಾರಕ್ಕೆ ಕೈಹಾಕಿದ್ದೇಕೆ?

ಉಪಮಾನಗಳು ಎಲ್ಲಿಂದ ಬಂದಿವೆಯೆಂದು ನೋಡಿದರೆ ಉತ್ತರದ ದಾರಿ ತೋರುತ್ತದೆ. ಮುಖಕ್ಕೆ ಚಂದ್ರನನ್ನು ಹೋಲಿಸುವ ಕವಿ ಮುಖವನ್ನೂ ಚಂದ್ರನನ್ನೂ ಕಂಡವನು. ಓದುವವನೂ ಎರಡನ್ನೂ ಕಂಡವನು. ಎರಡೂ ತಿಳಿದಿರುವುದರಿಂದಲೇ ಸಾದೃಶ್ಯ ಚಮತ್ಕಾರವನ್ನು ಹುಟ್ಟಿಸುತ್ತದೆ. ಗ್ರಾಂಡಿನ್ ಅವರ ವಾಕ್ಯದಲ್ಲಿ ಹೀಗಿಲ್ಲ. ಉಪಮಾನವಾದ ಹಲ್ಲುಕೊರೆತ ನಮಗೆ ತಿಳಿದದ್ದು. ಉಪಮೇಯವಾದ ಗಂಟೆಯ ಸದ್ದು, ಅವರಿಗೆ ಕೇಳಿಸುವ ಆ ಸದ್ದು, ನಮಗೆ ತಿಳಿದೇ ಇಲ್ಲ. ನಮಗೆ ತಿಳಿದಿರುವ ಗಂಟೆ ಬೇರೆ. ಹೀಗಿರುವಲ್ಲಿ ಈ ಸಾದೃಶ್ಯ ಅಲಂಕಾರಿಕರ ಉಪಮೆಗಿಂತ ನೈಯಾಯಿಕರ ಉಪಮಾನಕ್ಕೆ ಹತ್ತಿರವಾಗುತ್ತದೆ. ಗೌತಮನ ನ್ಯಾಯಸೂತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದಗಳೊಡನೆ ಉಪಮಾನವೂ ಒಂದು ಪ್ರಮಾಣ, ಎಂದರೆ ಜ್ಞಾನದ ದಾರಿ. ಅದಕ್ಕೆ ವ್ಯಾಖ್ಯಾನಕಾರರು ಕೊಡುವ ನಿದರ್ಶನ ಎಲ್ಲರಿಗೂ ಗೊತ್ತಿರತಕ್ಕದ್ದೇ. ಗವಯವನ್ನು ಕಾಣದ ನಾಡಿಗನಿಗೆ ಕಾಡಿಗನು ‘ಅದು ಹಸುವಿನಂತೆ ಇರುತ್ತದೆ’ ಎಂದು ಹೇಳುತ್ತಾನೆ. ಮುಂದೆ ಕಾಡಿನಲ್ಲಿ ಹಸುವಿನಂಥ ಮೃಗವನ್ನು ಕಂಡಾಗ, ಗವಯವೆಂಬ ಹೆಸರಿನದು ಇದೇ ಎಂದು ನಾಡಿಗ ಗುರುತಿಸುತ್ತಾನೆ. ಕಾಡಿಗನ ಮಾತಿನಲ್ಲಿ ಅಂದವನ್ನು ಹುಡುಕುವುದು, ಅಥವಾ ಅವನು ಹೆಚ್ಚಿಸಿ ಹೇಳಿದನೆಂದು ಆಕ್ಷೇಪಿಸುವುದು, ಎರಡೂ ಅಸ್ಥಾನವಾದದ್ದು. ಆತ್ಮಕಥನಕಾರರ ಉಪಮೆಗಳನ್ನು ಅತಿಶಯೋಕ್ತಿಯೆಂದು ಓದಿದವರು ಮಾಡಿದ್ದು ಈ ಎರಡನೆಯದನ್ನು. ಬೌದ್ಧರೂ ವೈಶೇಷಿಕರೂ ಉಪಮಾನವನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಲಿಲ್ಲವೆಂಬುದು ನಿಜ. ಆ ವಾದ ಇಲ್ಲಿ ನಮಗೆ ಬೇಡ.

ಈ ಓದಿಗೆ ಗ್ರಾಂಡಿನ್ ಅವರಲ್ಲಿಯೇ ಪುಷ್ಟಿ ದೊರೆಯುತ್ತದೆ. ಭಾನುವಾರ ಚರ್ಚಿನಲ್ಲಿ ತಾವು ತುಂಟತನ ಮಾಡುತ್ತಿದ್ದುದನ್ನು ಅವರು ಹೇಳುತ್ತಾರೆ. ಕಾರಣ, ಹಬ್ಬದುಡುಪಿನ ಒಳಲಂಗ. ಅಲ್ಲಿ ಕಂಡವರಿಗೆ ಕಂಡದ್ದು ದುರ್ನಡತೆ. ಆ ಹುಡುಗಿಯ ಮೈಗೆ ಆಗುತ್ತಿದ್ದುದು ನೋವು. ಇನ್ನೊಂದು ಪ್ರಸಂಗ ಇದಕ್ಕಿಂತ ಮುಖ್ಯವಾದದ್ದು. ಅಪ್ಪುಗೆಯನ್ನು ಬಯಸಿಯೂ, ಯಾರಾದರೂ ಅಪ್ಪಿಕೊಂಡೊಡನೆ ಮಹಾಪ್ರವಾಹವೊಂದು ಮೇಲೆ ಬಿದ್ದಂತಾಗಿ ಅವರು ಬಿಡಿಸಿಕೊಂಡು ಓಡುತ್ತಿದ್ದರು. ಅರಿಜೋನದಲ್ಲಿ ಚಿಕ್ಕಮ್ಮನ ದನದ ದೊಡ್ಡಿಯಲ್ಲಿ, ಚುಚ್ಚುಮದ್ದಿಗಾಗಿ ರಾಸುಗಳನ್ನು ಎರಡು ಪಕ್ಕದಿಂದಲೂ ಒತ್ತಿ ಹಿಡಿಯುವ ಚೌಕಟ್ಟಿನೊಳಗೆ ಬೆದರಿದ ದನ ಶಾಂತವಾಗುವುದನ್ನು ಕಂಡು, ಹದಿನೆಂಟರ ವಯಸ್ಸಿನಲ್ಲಿ ಅಂಥದೇ ಯಂತ್ರವೊಂದನ್ನು ತಮಗಾಗಿ ಕಟ್ಟಿಕೊಂಡರು. ಒತ್ತಡದ ಪ್ರಮಾಣ ತಮ್ಮ ಕೈಯಲ್ಲಿಯೇ ಇರುವ ಅಪ್ಪುಗೆ ಅದು. ಅದನ್ನು ಅವರಿಂದ ಕಿತ್ತುಕೊಳ್ಳಬೇಕೆಂದು ಯೋಚಿಸಿದವರಿದ್ದರು. ಯಂತ್ರಕ್ಕೆ ಏನೇನೋ ಗೂಢಾರ್ಥಗಳನ್ನು ಕಟ್ಟಲಾಯಿತು. ಅದರಿಂದ ಆಗುವ ಶಮನವನ್ನು ಕುರಿತು 1992ರಲ್ಲಿ ಅವರು ವೈಜ್ಞಾನಿಕ ಲೇಖನವನ್ನೇ ಬರೆದರು. ಹಸುವಿನಂತೆ ಎಂಬ ನೈಯಾಯಿಕರ ಮಾತು ಇಲ್ಲಿ ಅಕ್ಷರಶಃ ಕೈಗೆ ಬಂದಿದೆ. ‘ದನದಂತೆ ನಾನೂ ಬೆದರುತ್ತೇನೆ’ ಎಂಬುದು ಅವರಿಗೆ ಹೋಲಿಕೆಯ ಮಾತಾಗಿ ಉಳಿಯದೆ ಮರದ ಹಲಗೆಗಳಿಂದ ಕಟ್ಟಿ ಪರೀಕ್ಷಿಸಬಹುದಾದ ಪ್ರತಿಜ್ಞೆಯಾಯಿತು.

ಇದರ ಪಕ್ಕದಲ್ಲಿ ಮಾರ್ಕ್ ಹ್ಯಾಡನ್ ಅವರ 2003ರ ಪ್ರಸಿದ್ಧ ಕಾದಂಬರಿ ‘ದಿ ಕ್ಯೂರಿಯಸ್ ಇನ್ಸಿಡೆಂಟ್ ಆಫ್ ದಿ ಡಾಗ್ ಇನ್ ದಿ ನೈಟ್-ಟೈಮ್’ ಅನ್ನು ಇಟ್ಟು ನೋಡಬೇಕು. ಆಟಿಸಂ ಎಂದೊಡನೆ ಇಂಗ್ಲಿಷ್ ವಿಭಾಗಗಳಲ್ಲಿ ನೆನಪಾಗುವ ಪುಸ್ತಕ ಬಹುಶಃ ಇದೇ. ಹದಿನೈದು ವರ್ಷದ ನಿರೂಪಕ ರೈಲುನಿಲ್ದಾಣವನ್ನು ಹೊಕ್ಕಾಗ ಅಲ್ಲಿನ ಫಲಕಗಳ ಅಕ್ಷರಗಳೆಲ್ಲ ಕಲಸಿಹೋಗುವುದನ್ನು ಲೇಖಕರು ಪುಟದ ಮೇಲೆಯೇ ಮುದ್ರಿಸಿ ತೋರಿಸಿದ್ದಾರೆ. ಅದೊಂದು ಸಫಲ ಪ್ರಯೋಗ. ಆದರೆ ಆ ಹುಡುಗ ರೂಪಕವನ್ನು ಸುಳ್ಳೆಂದು ತಳ್ಳಿಹಾಕುತ್ತಾನೆ, ಉಪಮೆಗೆ ಮಾತ್ರ ಅಪ್ಪಣೆ ಕೊಡುತ್ತಾನೆ. ಈ ಒಂದು ಅಂಶದಿಂದ, ಆಟಿಸಂ ಉಳ್ಳವರಿಗೆ ಅಲಂಕಾರಭಾಷೆ ಒಲಿಯದೆಂಬ ಭಾವನೆ ಓದುಗರಲ್ಲಿ ಬೇರೂರಿತು. ಆತ್ಮಕಥನಗಳನ್ನು ಓದಿದವರು ಹಾಗೆ ಹೇಳಲಾರರು. ಹೊರಗಿನಿಂದ ಕಲ್ಪಿಸಿದ ಪಾತ್ರಕ್ಕಿಂತ ಒಳಗಿನಿಂದ ಮಾತಾಡುವವರು ಹೆಚ್ಚು ಅಲಂಕಾರಿಕರು, ಏಕೆಂದರೆ ದಾಟಿಸಬೇಕಾದ ಅಂತರ ಅವರಿಗೆ ನಿಜವಾಗಿಯೂ ಇದೆ.

ಆಸ್ಟ್ರೇಲಿಯದ ಡಾನ ವಿಲಿಯಮ್ಸ್ ಅವರ (1963-2017) ‘ನೋಬಡಿ ನೋವೇರ್’ 1992ರಲ್ಲಿ ಬಂದಿತು. ಗ್ರಾಂಡಿನ್ ಅವರಿಗಿಂತ ಇವರು ಹೆಚ್ಚು ಕವಿ. ಹೆಚ್ಚು ಸಡಿಲ ಕೂಡ. ಕೆಲವು ಅಧ್ಯಾಯಗಳು ಪ್ರಸಂಗದಿಂದ ಪ್ರಸಂಗಕ್ಕೆ ಹೊಯ್ದಾಡಿ ವಾಚಕನನ್ನು ದಣಿಸುತ್ತವೆ. ಆದರೆ ಇಂದ್ರಿಯಗಳ ಅತಿಸೂಕ್ಷ್ಮತೆ ನೋವಿನ ಕತೆ ಮಾತ್ರವಲ್ಲವೆಂಬುದು ತಿಳಿಯಬೇಕಾದರೆ ಇವರ ಪುಸ್ತಕದ ಆರಂಭವನ್ನೇ ನೋಡಬೇಕು. ಗಾಳಿಯಲ್ಲಿ ತೇಲುವ ಬಣ್ಣದ ಚುಕ್ಕೆಗಳಲ್ಲಿ ತಲ್ಲೀನಳಾದ ಮಗು ಅಲ್ಲಿದೆ. ಮನುಷ್ಯರು ಆ ಚುಕ್ಕೆಗಳಿಗೆ ಅಡ್ಡಬರುವ ವಸ್ತುಗಳು. ಗ್ರಾಂಡಿನ್ ಅವರೂ ಬೆರಳ ಸಂದಿನಿಂದ ಮರಳನ್ನು ಸೋರಿಸುತ್ತ ಒಂದೊಂದು ಕಣವನ್ನೂ ಪರೀಕ್ಷಿಸುತ್ತ ಗಂಟೆಗಟ್ಟಲೆ ಕುಳಿತಿರುತ್ತಿದ್ದುದನ್ನು ನೆನೆಯುತ್ತಾರೆ. ನಮ್ಮ ಕವಿರಾಜಮಾರ್ಗಕ್ಕೆ ಬಹುಮಟ್ಟಿಗೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿ ಸ್ವಭಾವೋಕ್ತಿಗೆ, ಎಂದರೆ ವಸ್ತುವನ್ನು ಅದು ಇರುವಂತೆ ಕಾಣಿಸುವ ಮಾತಿಗೆ, ಮೊದಲ ಅಲಂಕಾರದ ಪದವಿಯನ್ನು ಕೊಟ್ಟಿದ್ದಾನೆ. ವಸ್ತುಸ್ವಭಾವವೇ ಅಲಂಕಾರವಾದರೆ ಅಲಂಕರಿಸತಕ್ಕದ್ದು ಯಾವುದು ಎಂದು ಕುಂತಕ ಅದನ್ನು ನಿರಾಕರಿಸಿದ. ವಿಲಿಯಮ್ಸ್ ಅವರ ಚುಕ್ಕೆಗಳನ್ನು ಮುಂದಿಟ್ಟುಕೊಂಡರೆ ನನ್ನ ಒಲವು ದಂಡಿಯ ಕಡೆಗೆ. ಸ್ವಭಾವ ಎಲ್ಲರಿಗೂ ಒಂದೇ ಬಗೆಯಲ್ಲಿ ಕಾಣುವುದಿಲ್ಲವಾದಕಾರಣ, ಕಂಡಂತೆ ಹೇಳುವುದೂ ಒಂದು ಸಾಧನೆಯೇ.

ಇಲ್ಲಿ ಪಾರಿಭಾಷಿಕ ಪದದ ವಿಷಯದಲ್ಲಿ ಒಂದು ಮಾತು. ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಪದ ರೂಢಿಗೆ ಬಂದಿದೆ. ಮೂಲಪದದಲ್ಲಿಯೂ ‘ತಾನು’ ಎಂಬರ್ಥದ ಗ್ರೀಕ್ ಶಬ್ದವಿರುವುದರಿಂದ ಅನುವಾದ ತಪ್ಪಲ್ಲ. ಆದರೆ ಈ ಗ್ರಂಥಗಳನ್ನು ಓದಿದವರಿಗೆ ಆ ಪದ ಅಷ್ಟೇನೂ ಹಿಡಿಸಲಾರದು. ಲೋಕವನ್ನು ಮರೆತು ತನ್ನಲ್ಲಿ ಲೀನವಾದವರ ಚಿತ್ರ ಇವುಗಳಲ್ಲಿ ಇಲ್ಲ. ಲೋಕ ತಡೆಯಿಲ್ಲದೆ ಒಳನುಗ್ಗುತ್ತಿರುವಾಗ ಬಾಗಿಲನ್ನು ಅರ್ಧ ಮುಚ್ಚಲು ಹೆಣಗುವವರ ಚಿತ್ರವಿದೆ. ಆದ್ದರಿಂದ ಈ ಲೇಖನದಲ್ಲಿ ಆಟಿಸಂ ಎಂಬುದನ್ನೇ ಉಳಿಸಿಕೊಂಡಿದೆ.

ಕನ್ನಡನಾಡಿಗೆ ನೇರ ಸಂಬಂಧವುಳ್ಳ ಲೇಖಕರು ತಿತೊ ರಾಜರ್ಷಿ ಮುಖೋಪಾಧ್ಯಾಯ. ಬಾಲ್ಯದ ಒಂದು ಭಾಗವನ್ನು ಮೈಸೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕಳೆದ ಇವರು ಆಡುಮಾತು ಬಹುಮಟ್ಟಿಗೆ ಇಲ್ಲದವರು. ಇವರ ‘ಬಿಯಾಂಡ್ ದಿ ಸೈಲೆನ್ಸ್’ ಲಂಡನಿನಲ್ಲಿ 2000ದಲ್ಲಿಯೂ, ‘ಹೌ ಕ್ಯಾನ್ ಐ ಟಾಕ್ ಇಫ್ ಮೈ ಲಿಪ್ಸ್ ಡೋಂಟ್ ಮೂವ್’ ಅಮೆರಿಕದಲ್ಲಿ 2008ರಲ್ಲಿಯೂ ಪ್ರಕಟವಾದವು. ಮೊದಲ ಗ್ರಂಥದಲ್ಲಿ ಎಳೆಯ ಲೇಖಕ ತನ್ನನ್ನು ‘ಹುಡುಗ’ ಎಂದು ಪ್ರಥಮಪುರುಷದಲ್ಲಿ ಕರೆದುಕೊಳ್ಳುತ್ತಾನೆ. ಚದರಿಹೋದ ಮೈಯನ್ನು ಒಂದುಗೂಡಿಸಿಕೊಳ್ಳಲು ಕೈಗಳನ್ನು ಬಡಿಯುತ್ತ ತಿರುಗುವ ಆ ಹುಡುಗನಿಗೆ ‘ನಾನು’ ಎಂಬ ಸರ್ವನಾಮ ಸುಲಭವಾಗಿ ದಕ್ಕದಿರುವುದು ಸಹಜವಾಗಿ ತೋರುತ್ತದೆ. ಎರಡನೆಯದರಲ್ಲಿ, ಬಾಗಿಲೊಂದನ್ನು ಕಂಡಾಗ ಮೊದಲು ಬಣ್ಣ, ಆಮೇಲೆ ಆಕಾರ, ಕಡೆಗೆ ಬಾಗಿಲೆಂಬ ಹೆಸರು ಹೊಳೆಯುವ ಕ್ರಮವನ್ನು ವರ್ಣಿಸಿದೆ. ನಿರ್ವಿಕಲ್ಪಕ ಪ್ರತ್ಯಕ್ಷದಿಂದ ಸವಿಕಲ್ಪಕಕ್ಕೆ ನಡೆಯುವ ಹಾದಿಯನ್ನು ನಮ್ಮ ತಾರ್ಕಿಕರು ಊಹೆಯಿಂದ ಕಟ್ಟಿದರು. ಇಲ್ಲಿ ಅದು ದಿನದಿನದ ನಡೆಯಾಗಿದೆ.

ಆದರೆ ಈ ಗ್ರಂಥಗಳ ಕರ್ತೃತ್ವವನ್ನು ಕುರಿತು ವಾದವಿದೆ; ವಿಮರ್ಶಕನು ಅದನ್ನು ಮುಚ್ಚಿಡಬಾರದು. ತಾಯಿ ಸೋಮ ಮುಖೋಪಾಧ್ಯಾಯ ಅವರು ಅಕ್ಷರಪಟವನ್ನು ಬಳಸಿ ಮಗನಿಗೆ ಕಲಿಸಿದ ಕ್ರಮ ಮುಂದೆ ರ‍್ಯಾಪಿಡ್ ಪ್ರಾಂಪ್ಟಿಂಗ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿತು. ಹಾಗೆ ಬರುವ ಮಾತು ಕಲಿಯುವವನದೋ ಕಲಿಸುವವರದೋ ಎಂಬುದು ಸಿದ್ಧವಾಗಿಲ್ಲವೆಂದು, ಅಮೆರಿಕದ ವಾಕ್-ಭಾಷಾ-ಶ್ರವಣ ಸಂಘ 2018ರಲ್ಲಿ ಆ ಕ್ರಮವನ್ನು ಬಳಸದಿರುವಂತೆ ಸಲಹೆ ಮಾಡಿತು. ತಿತೊ ಅವರು ಕೈಬರಹದಲ್ಲಿಯೂ ಬರೆಯಬಲ್ಲವರೆಂಬುದನ್ನು ಇದರೊಡನೆಯೇ ಹೇಳಬೇಕು. ಜಪಾನಿನ ನವೋಕಿ ಹಿಗಾಶಿದ ಅವರು ಹದಿಮೂರರ ವಯಸ್ಸಿನಲ್ಲಿ ಬರೆದು 2007ರಲ್ಲಿ ಪ್ರಕಟವಾದ, ಇಂಗ್ಲಿಷಿನಲ್ಲಿ ‘ದಿ ರೀಸನ್ ಐ ಜಂಪ್’ ಎಂದು 2013ರಲ್ಲಿ ಬಂದ ಪ್ರಶ್ನೋತ್ತರರೂಪದ ಪುಸ್ತಕಕ್ಕೂ ಇಂಥ ಸಂದೇಹವೇ ಅಂಟಿಕೊಂಡಿದೆ. ಗ್ರಂಥಸಂಪಾದನೆಯಲ್ಲಿ ಸಂದಿಗ್ಧ ಪಾಠವನ್ನು ಕೈಬಿಡದೆ, ಅದರ ಮೇಲೆ ಕಟ್ಟಡವನ್ನೂ ಕಟ್ಟದೆ, ಗುರುತು ಹಾಕಿ ಇಟ್ಟುಕೊಳ್ಳುತ್ತೇವೆ. ಇಲ್ಲಿಯೂ ಅದೇ ಸರಿಯಾದ ದಾರಿ. ಮೇಲಿನ ವಾದಕ್ಕೆ ಗ್ರಾಂಡಿನ್ ಮತ್ತು ವಿಲಿಯಮ್ಸ್ ಇಬ್ಬರೇ ಸಾಕು. ಸಂದೇಹವೆಂಬುದು ಎಷ್ಟು ದೂರ ಹೋಗಬಲ್ಲದೆಂಬುದಕ್ಕೂ ಒಂದು ನಿದರ್ಶನವಿದೆ. ‘ಎಮರ್ಜೆನ್ಸ್’ ಅನ್ನು ಮೊದಲು ಓದಿದಾಗ ನರವೈದ್ಯ ಆಲಿವರ್ ಸ್ಯಾಕ್ಸ್ ಅವರಿಗೂ, ಆಟಿಸಂ ಉಳ್ಳವರಿಂದ ಇಂಥ ಆತ್ಮಾವಲೋಕನ ಸಾಧ್ಯವೇ ಎಂಬ ಶಂಕೆ ಬಂದಿತ್ತು. ಲೇಖಕಿಯ ಇತರ ಬರಹಗಳನ್ನು ಓದಿದ ಮೇಲೆ ಅದು ಕರಗಿತೆಂದು ಅವರೇ ಬರೆದಿದ್ದಾರೆ. ಹಾಗೆಂದು ಆತ್ಮಕಥನಕಾರರ ಮಾತೆಲ್ಲ ಎಲ್ಲರಿಗೂ ಅನ್ವಯಿಸುವುದೆಂದಲ್ಲ. ಆಟಿಸಂ ಉಳ್ಳವರೆಲ್ಲ ಚಿತ್ರಗಳಲ್ಲಿಯೇ ಆಲೋಚಿಸುತ್ತಾರೆಂದು 1995ರಲ್ಲಿ ತಿಳಿದಿದ್ದ ಗ್ರಾಂಡಿನ್ 2006ರ ಆವೃತ್ತಿಯಲ್ಲಿ ಅದನ್ನು ತಿದ್ದಿಕೊಂಡರು.

ಗವಯದ ಕತೆಯಲ್ಲಿ ನಾಡಿಗ ಕಾಡಿಗೆ ಹೋಗಲೇಬೇಕು; ಹೋಗದಿದ್ದರೆ ಜ್ಞಾನ ಪೂರ್ಣವಾಗದು. ನಮ್ಮ ಕಾಡು ಕಾಲೇಜಿನ ಕೊಠಡಿಯೇ. ಹಳೆಯ ಬಗೆಯ ಟ್ಯೂಬ್‌ಲೈಟು ನಮ್ಮ ವಿದ್ಯುತ್ತಿನಲ್ಲಿ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ; ನಮಗೆ ಅದು ಸ್ಥಿರವಾದ ಬೆಳಕು, ಅದರ ಮಿನುಗು ತಟ್ಟುವವರೂ ಇದ್ದಾರೆ. ಫ್ಯಾನಿನ ಕರಕರ, ಏಕಕಾಲಕ್ಕೆ ಎಳೆದ ಅರವತ್ತು ಕುರ್ಚಿಗಳು, ವಾರ್ಷಿಕೋತ್ಸವದ ಧ್ವನಿವರ್ಧಕ, ಇವುಗಳ ನಡುವೆ ಹಿಂದಿನ ಬೆಂಚಿನ ವಿದ್ಯಾರ್ಥಿ ಎದ್ದು ಹೊರಗೆ ನಡೆದರೆ ಅದನ್ನು ಅವಿನಯವೆಂದು ಓದುವುದು ಸುಲಭ. ಗ್ರಾಂಡಿನ್ ಅವರ ಗಂಟೆಯನ್ನು ಪ್ರಮಾಣವಾಗಿ ಓದಿದ ಅಧ್ಯಾಪಕನಿಗೆ ಅಲ್ಲಿ ಬೇರೊಂದು ಹೊಳೆಯಬಹುದು.

ಈ ಗ್ರಂಥಗಳನ್ನು ಕನ್ನಡಿಸಲು ಹೊರಡುವವರಿಗೆ ಮೊದಲು ತೊಡರುವುದೂ ಇದೇ. ಆ ಗಂಟೆಯನ್ನು ‘ಕಿವಿಗಡಚಿಕ್ಕುವ ಗಂಟೆ’ ಎಂದುಬಿಟ್ಟರೆ ವಾಕ್ಯ ಚೆನ್ನಾಗಿಯೇ ಓಡುತ್ತದೆ, ಅರ್ಥ ಸತ್ತುಹೋಗುತ್ತದೆ. ಆ ಮಾತು ನಮಗೆ ಸವೆದದ್ದು. ಹಲ್ಲಿನ ವೈದ್ಯನ ಯಂತ್ರವನ್ನು, ಎಷ್ಟೇ ಒರಟಾಗಿ ಕಂಡರೂ, ಹಾಗೆಯೇ ಇಟ್ಟುಕೊಳ್ಳಬೇಕು. ಹಾಗಿಟ್ಟುಕೊಂಡ ಮೇಲೆ ಕನ್ನಡಕ್ಕೆ ತನ್ನದೇ ಆದ ಒಂದು ಅನುಕೂಲವುಂಟು. ಶಬ್ದಮಣಿದರ್ಪಣಕಾರನು ಅವ್ಯಯಗಳಲ್ಲಿ ಸೇರಿಸಿರುವ ಅನುಕರಣಶಬ್ದಗಳು, ಚುರುಚುರು, ಜುಮುಜುಮು, ಕರಕರ ಮೊದಲಾದವು, ಹೋಲಿಕೆಯ ನೆರವಿಲ್ಲದೆಯೇ ಚರ್ಮಕ್ಕೂ ಕಿವಿಗೂ ನೇರವಾಗಿ ಮುಟ್ಟತಕ್ಕವು. ಮರಳುಕಾಗದದ ಉಪಮೆ ಬರುವೆಡೆಯಲ್ಲಿ ಇಂಥದೊಂದು ಅನುಕರಣವನ್ನು ಮೊದಲು ಇಟ್ಟು, ಉಪಮೆಯನ್ನು ಅದರ ಹಿಂದೆ ತರುವುದಾದರೆ, ಮೂಲದ ಇಂಗ್ಲಿಷಿಗೆ ಇಲ್ಲದ ಒಂದು ಸೌಕರ್ಯ ಅನುವಾದಕ್ಕೆ ದೊರೆತಂತಾಗುತ್ತದೆ.